ಸಂಶೋಧನೆಗೆ ಹಣ ತೆತ್ತವರು ಯಾರು?

ವಿಜ್ಞಾನವು ಸತ್ಯಾನ್ವೇಷಣೆಯ ಮಾರ್ಗವೆಂದು ನಾವೆಲ್ಲರೂ ನಂಬಿದ್ದೇವೆ. ಆ ಮಾರ್ಗಕ್ಕೆ ಹಣವೂ ಅಧಿಕಾರವೂ ಅಡ್ಡನಿಂತರೆ ಏನಾಗುವುದೆಂಬುದಕ್ಕೆ ತಂಬಾಕಿನ ಚರಿತ್ರೆಯೇ ಸಾಕ್ಷಿ.

1950ರಲ್ಲಿ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅವರು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಅಂಕಿ-ಅಂಶಗಳ ಸಹಿತ ತೋರಿಸಿದರು. 1953ರ ಡಿಸೆಂಬರಿನಲ್ಲಿ ಅಮೆರಿಕದ ಸಿಗರೇಟ್ ಕಂಪೆನಿಗಳ ಮುಖ್ಯಸ್ಥರು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಸಭೆ ಸೇರಿದರು. ಮರುತಿಂಗಳೇ 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಅವರ ಜಾಹೀರಾತು ಪ್ರಕಟವಾಯಿತು. ಈ ನಂಟು ಇನ್ನೂ ಸಿದ್ಧವಾಗಿಲ್ಲ, ಹೆಚ್ಚಿನ ಸಂಶೋಧನೆಗೆ ತಾವೇ ಹಣ ಒದಗಿಸುವೆವು ಎಂಬುದು ಅದರ ಸಾರ. ಮೇಲ್ನೋಟಕ್ಕೆ ಜವಾಬ್ದಾರಿಯ ಮಾತು. ಒಳಗಿನ ಉದ್ದೇಶ ಕಾಲಹರಣ. ಸುಳ್ಳು ಫಲಿತಾಂಶ ಹೆಣೆಯಬೇಕಾಗಿಲ್ಲ, ಸಂಶಯವನ್ನು ಜೀವಂತವಾಗಿ ಇರಿಸಿದರೆ ಸಾಕು. ಕಾನೂನು ತಡವಾಗುತ್ತದೆ, ವ್ಯಾಪಾರ ಸಾಗುತ್ತದೆ. ಈ ಕಂಪೆನಿಗಳು ದಶಕಗಳ ಕಾಲ ಜನರನ್ನು ವಂಚಿಸಿದವೆಂದು ಅಮೆರಿಕದ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್ ತೀರ್ಪಿತ್ತದ್ದು 2006ರಲ್ಲಿ.

ನಮ್ಮ ದೇಶವೂ ಇದಕ್ಕೆ ಹೊರತಲ್ಲ. ತಂಬಾಕಿನ ಪೊಟ್ಟಣಗಳ ಶೇ. 85 ಭಾಗದಲ್ಲಿ ಎಚ್ಚರಿಕೆಯ ಚಿತ್ರವಿರಬೇಕೆಂಬ ನಿಯಮವು 2015ರ ಏಪ್ರಿಲ್ 1ರಂದು ಜಾರಿಯಾಗಬೇಕಿತ್ತು. ತಂಬಾಕಿನಿಂದ ಕ್ಯಾನ್ಸರ್ ಬರುವುದೆಂಬುದಕ್ಕೆ ಭಾರತದಲ್ಲೇ ನಡೆದ ಅಧ್ಯಯನವಿಲ್ಲವೆಂದು ಆಗ ಸಂಸದೀಯ ಸಮಿತಿಯ ಅಧ್ಯಕ್ಷರೇ ನುಡಿದರು. ನಿಯಮವು ಒಂದು ವರ್ಷ ಮುಂದಕ್ಕೆ ಹೋಯಿತು. ವಿಪರ್ಯಾಸವೆಂದರೆ, ತಂಬಾಕು ಸೇದುವುದಕ್ಕೂ ಜಗಿಯುವುದಕ್ಕೂ ಬಾಯಿ-ಗಂಟಲಿನ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಕುರಿತು ಮುಂಬಯಿಯ ಸಾಂಘ್ವಿ, ರಾವ್ ಹಾಗೂ ಖಾನೋಲ್ಕರ್ ಅವರ ಅಧ್ಯಯನ 1955ರಲ್ಲಿಯೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಗಿತ್ತು. ಅರುವತ್ತು ವರ್ಷಗಳ ಬಳಿಕವೂ ಅದು ಇಲ್ಲವೆಂಬಂತೆ ಮಾತನಾಡಲಾಯಿತು.

ಬ್ಯಾಂಕಿನಲ್ಲಿ ದುಡಿಯುವ ನಮಗೆ ಒಂದು ನಿಯಮ ಚಿರಪರಿಚಿತ. ಸಾಲ ಕೇಳುವವರು ತಾವೇ ಬರೆಸಿ ತಂದ ಆಸ್ತಿಯ ಮೌಲ್ಯಮಾಪನವನ್ನಷ್ಟೇ ನೆಚ್ಚಿ ಸಾಲ ಮಂಜೂರಾಗದು; ಬ್ಯಾಂಕು ತಾನು ನೇಮಿಸಿದವರಿಂದ ವರದಿ ತರಿಸುತ್ತದೆ. ಸಂಶೋಧನೆಗೂ ಇದೇ ಅಳತೆಗೋಲು ಇರಲಿ.

ಹಾಗೆಂದು ಉದ್ಯಮದ ಹಣದಿಂದ ನಡೆದ ಸಂಶೋಧನೆಯೆಲ್ಲ ಸುಳ್ಳೆಂದಾಗಲಿ, ಸಂಶಯಪಡುವವರೆಲ್ಲ ಮಾರಾಟವಾದವರೆಂದಾಗಲಿ ನಾವು ಭಾವಿಸಬೇಕಾಗಿಲ್ಲ. ಸಂಶಯವೇ ವಿಜ್ಞಾನದ ಉಸಿರು. ಆದರೆ ಪ್ರಾಮಾಣಿಕ ಸಂಶಯಕ್ಕೆ ಒಂದು ಕೊನೆಯಿದೆ. ಇಂಥ ಪುರಾವೆ ದೊರೆತರೆ ಒಪ್ಪುವೆನೆಂದು ಅದು ಮೊದಲೇ ಹೇಳುತ್ತದೆ. ಹಿತಾಸಕ್ತಿಯ ಸಂಶಯಕ್ಕೆ ಯಾವ ಪುರಾವೆಯೂ ಸಾಲದು.

ನಾಳೆ ನಮ್ಮ ಅಡುಗೆಯ ಎಣ್ಣೆಯ ಬಗೆಗೋ ಮಕ್ಕಳ ಪೇಯದ ಬಗೆಗೋ ಹೊಸ ಅಧ್ಯಯನವೊಂದು ಪತ್ರಿಕೆಯಲ್ಲಿ ಬಂದಾಗ ಎರಡು ಪ್ರಶ್ನೆ ಕೇಳೋಣ: ಹಣ ಯಾರದು? ಆ ಹಣವನ್ನು ಮುಟ್ಟದ ಬೇರೆಯವರಿಗೂ ಇದೇ ಫಲಿತಾಂಶ ದೊರೆತಿದೆಯೇ?