ಎಮ್ಮೆ ನಗಿಸಲಿ, ಆಕಳು ಅಳಿಸಲಿ!

ಎರಡೇ ಎರಡು ಸ್ವರ! ಸಂಗೀತ ನಿರ್ದೇಶಕ ಜಾನ್ ವಿಲಿಯಮ್ಸ್ ಪಿಯಾನೋ ಮುಂದೆ ಕೂತು ಆ ಎರಡು ಸ್ವರ ಒತ್ತಿ ತೋರಿಸಿದಾಗ, ಇದೇನೋ ತಮಾಷೆ ಅಂತ ನಿರ್ದೇಶಕ ಸ್ಪೀಲ್‌ಬರ್ಗ್ ನಕ್ಕುಬಿಟ್ಟರಂತೆ. 1975ರಲ್ಲಿ ‘ಜಾಸ್’ ತೆರೆ ಕಂಡಿತು ನೋಡಿ, ಆ ನಗೆಯ ಸ್ವರಕ್ಕೇ ಜಗತ್ತು ಕುರ್ಚಿ ಗಟ್ಟಿಯಾಗಿ ಹಿಡಿದು ಕೂತಿತು. ಶಾರ್ಕ್ ಮೀನು ಕಾಣಿಸುವ ಮೊದಲೇ ಮೈಯೆಲ್ಲ ಬೆವರು! ಆ ಎರಡು ಸ್ವರಗಳ ಮೇಲೆ ತೇಲಿ ಬರುವ ಒಂದು ರಾಗ ಇದೆಯಲ್ಲ, ಅದನ್ನು ನುಡಿಸಿದವರು ಟಾಮಿ ಜಾನ್ಸನ್ ಎಂಬ ಹಾಲಿವುಡ್ ವಾದ್ಯಗಾರ. ವಾದ್ಯ ಯಾವುದು ಗೊತ್ತೇ? ಟ್ಯೂಬಾ!

ಅದೇ ರೀ... ಬ್ಯಾಂಡಿನ ಕೊನೆ ಸಾಲಿನಲ್ಲಿ ಒಬ್ಬ ಹೊಟ್ಟೆಗೆ ಅವುಚಿಕೊಂಡು ‘ಭೋಂ... ಭೋಂ...’ ಅಂತ ಊದುತ್ತಾನಲ್ಲ, ಆ ದೊಡ್ಡ ಹಿತ್ತಾಳೆ ವಾದ್ಯ. ಹುಡುಗರು ಬಾಯಿಗೆ ಕಾಗದದ ಉಂಡೆ ಎಸೆಯುವುದು ಅದಕ್ಕೇ. ಹಾಡು ಮುಗಿದ ಮೇಲೆ ಯಾರೂ ತಿರುಗಿ ನೋಡದಿರುವುದೂ ಅದನ್ನೇ.

ಅಭಿಮಾನಿ ಮಿತ್ರರೇ, ಈ ವಾರ ಸ್ಟಾರ್‌ಗಳನ್ನು ಬಿಟ್ಟು ಈ ಕೊನೆ ಸಾಲಿನವನ ಹಿಂದೆ ಯಾಕೆ ಬಿದ್ದೆ ಅಂತೀರಾ? ಸಿಂದಗಿ ಕಡೆಯ ಹುಡುಗನೊಬ್ಬ ನನ್ನ ತಲೆಗೆ ಹುಳ ಬಿಟ್ಟಿದ್ದಾನೆ. ಟ್ಯೂಬಾ ಊದುವವನು. ಅವನ ಮಾತು ಅವನ ಬಾಯಲ್ಲೇ ಕೇಳಿ:

“ಕಾಕಾ, ಹತ್ತು ವರ್ಷಾತು ಊದಾಕತ್ತು. ಒಂದs ಒಂದು ಹಾಡು ಪೂರಾ ನಂದು ಅಂತ ನುಡಿಸಿಲ್ಲ. ಕ್ಲಾರಿಯೋನೆಟ್‌ನವಗ ರಾಗ, ಟ್ರಂಪೆಟ್‌ನವಗ ಚಪ್ಪಾಳಿ, ನನಗ ಬರೇ ಭೋಂ ಭೋಂ! ಈಗ ಡಿ.ಜೆ. ಬಂದು ಆ ಭೋಂ ಭೋಂ ಸುದ್ದಾ ಹೋತು. ಕಾರಹುಣ್ಣಿಮಿ ದಿನ ಸಂಜಿಕ ನಲವತ್ತೈದು ನಿಮಿಷ ನೀ ಒಬ್ಬನs ನುಡಸು ಅಂದಾರ ಊರ ಹಿರ್‍ಯಾರು. ದನದ ಹಬ್ಬ, ಪ್ರಾಣಿ ಹಾಡs ಇರ್ಲಿ ಅಂತ. ಯಾವ್ ಯಾವ್ ಹಾಡು ಆರಿಸ್ಲಿ ಹೇಳ್ರಿ. ಮಂದಿ ಕೂತ್ರ ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ತನಕ ಹೋಗ್ತೀನಿ. ಎದ್ದು ಹೋದ್ರ ಮರುದಿನs ಹಿತ್ತಾಳಿ ಅಂಗಡಿಗೆ ಹಾಕ್ತೀನಿ. ತೂಕಕ್ಕರೆ ಹೋಗ್ತದ!”

ಆ ಕೊನೆಯ ಮಾತು ನನಗೆ ನಿದ್ದೆ ಕೊಡಲಿಲ್ಲ. ರಾಗ ಹುಟ್ಟಬೇಕಾದ ಹಿತ್ತಾಳೆ ತಕ್ಕಡಿಗೆ ಹೋಗುವುದೇ? ಛೆ! ಅದಕ್ಕೇ ಕಾಗದ ಹಿಡಿದು ಕೂತೆ.

ಮೊದಲು ವಾದ್ಯದ ಜಾತಕ. ಟ್ಯೂಬಾ ಹುಟ್ಟಿದ್ದು 1835ರಲ್ಲಿ, ಬರ್ಲಿನ್‌ನಲ್ಲಿ. ವೀಪ್ರೆಖ್ಟ್ ಎಂಬ ಬ್ಯಾಂಡ್ ಮಾಸ್ತರ, ಮೊರಿಟ್ಸ್ ಎಂಬ ವಾದ್ಯ ತಯಾರಕ, ಇಬ್ಬರೂ ಕೂಡಿ ಹಕ್ಕುಪತ್ರ ಪಡೆದರು. ಅದಕ್ಕೂ ಮೊದಲು ಯುರೋಪಿನ ಬ್ಯಾಂಡುಗಳಲ್ಲಿ ತಗ್ಗಿನ ದನಿಗೆ ಇದ್ದ ವಾದ್ಯದ ಹೆಸರೇನು ಗೊತ್ತೇ? ‘ಸರ್ಪೆಂಟ್’! ಅಂದರೆ ಹಾವು. ಹಾವಿನ ಹಾಗೆಯೇ ಅಂಕುಡೊಂಕು ಕೊಳವೆ. ಈ ಭೋಂ ಭೋಂ ವಾದ್ಯದ ಮುತ್ತಜ್ಜನೇ ಒಂದು ಪ್ರಾಣಿ, ಇನ್ನು ಪ್ರಾಣಿ ಹಾಡು ಅದಕ್ಕೆ ಹೊಸದೇ?

ಸರಿ, ಆಯ್ಕೆಗೆ ಬರೋಣ. ನಾನು ಹುಡುಗನಿಗೆ ಹೇಳಿದ ಸೂತ್ರ ಒಂದೇ: “ತಮ್ಮಾ, ಪ್ರಾಣಿ ದನಿ ಮಾಡಬ್ಯಾಡ, ಪ್ರಾಣಿ ನಡಿಗಿ ಹಿಡಿ.” ಎಮ್ಮೆಯಂತೆ ಒದರಿದರೆ, ಆನೆಯಂತೆ ಘೀಳಿಟ್ಟರೆ ಎರಡು ನಿಮಿಷ ನಗುತ್ತಾರೆ. ಮೂರನೇ ನಿಮಿಷಕ್ಕೆ ಚಹಾದಂಗಡಿಗೆ ಏಳುತ್ತಾರೆ. ಟ್ಯೂಬಾಕ್ಕೆ ದೇವರು ಕೊಟ್ಟದ್ದು ತೂಕ. ದೊಡ್ಡ ಟ್ಯೂಬಾದ ಕೊಳವೆ ಬಿಚ್ಚಿ ನೇರ ಮಾಡಿದರೆ ಸುಮಾರು 18 ಅಡಿ! ಅಷ್ಟು ದೂರ ಉಸಿರು ಓಡಬೇಕು. ಆದ್ದರಿಂದ ಸರಸರ ಓಡುವ ರಾಗ ಅದರಲ್ಲಿ ಕಲಸಿಹೋಗುತ್ತದೆ, ನಿಧಾನ ನಡೆಯುವ ರಾಗ ಅದರಲ್ಲಿ ಅರಸನ ಹಾಗೆ ಬರುತ್ತದೆ. ರಷ್ಯದ ರಿಮ್‌ಸ್ಕಿ ಕೊರ್ಸಕೋವ್ ಬರೆದ ದುಂಬಿಯ ಹಾರಾಟವನ್ನು ಟ್ಯೂಬಾದಲ್ಲಿ ಗಿರ್ರನೆ ನುಡಿಸಿ ಬೆರಗು ಹುಟ್ಟಿಸುವ ಶೂರರಿದ್ದಾರೆ, ನಿಜ. ಆದರೆ ಅದು ಸರ್ಕಸ್ಸು. ನಮ್ಮ ಹುಡುಗನಿಗೆ ಬೇಕಾದದ್ದು ಹಾಡು.

ಮೊದಲನೆಯದು ಎತ್ತು. ಕಾರಹುಣ್ಣಿಮೆಗೆ ಇನ್ನೇನು ಬೇಕು? ಇದಕ್ಕೆ ಸಿನಿಮಾ ಹಾಡೇ ಬೇಡ. ಕರಿ ಹರಿಯುವಾಗ ಹಲಗಿ ಬಡಿತ ಇರುತ್ತದಲ್ಲ, ಆ ಬಡಿತವನ್ನು ಒಂದೇ ತಗ್ಗಿನ ಸ್ವರದಲ್ಲಿ ಊದಬೇಕು. ಮೊದಲು ದೂರದಿಂದ ಬಂದಂತೆ ಮೆಲ್ಲಗೆ, ಆಮೇಲೆ ಹತ್ತಿರ, ಆಮೇಲೆ ಎದೆಯ ಮೇಲೆ! ಮೈದಾನದ ಮಂದಿ ತಾವಾಗಿಯೇ ಕಾಲು ತಟ್ಟುತ್ತಾರೆ. ಅಲ್ಲಿಗೆ ಅರ್ಧ ಗೆದ್ದಂತೆ.

ಎರಡನೆಯದು ಎಮ್ಮೆ. ಯಾವ ಹಾಡು ಅಂತ ಕೇಳುತ್ತೀರಾ? ಥೂ! 1974ರ ‘ಸಂಪತ್ತಿಗೆ ಸವಾಲ್’ ನೋಡದವನು ಕನ್ನಡಿಗನೇ? ಅಣ್ಣಾವ್ರು ಎಮ್ಮೆ ಮೇಲೆ ಕೂತು ಹಾಡಿದ ಹಾಡು! ಅಲ್ಲಿಯ ತನಕ ಅಣ್ಣಾವ್ರ ದನಿ ಅಂದರೆ ಪಿ.ಬಿ. ಶ್ರೀನಿವಾಸ್. ಜಿ.ಕೆ. ವೆಂಕಟೇಶ್ ಸಂಗೀತದ ಈ ಹಾಡಿನ ಮೇಲೆ ಅಣ್ಣಾವ್ರು ತಮ್ಮ ಹಾಡು ತಾವೇ ಹಾಡುವುದು ವಾಡಿಕೆಯಾಯಿತು. ಇನ್ನೊಂದು ಗುಟ್ಟು: ಆ ಚಿತ್ರದ ಮೂಲ ನಾಟಕ ನಮ್ಮ ಹಳೇ ಬಿಜಾಪುರ ಜಿಲ್ಲೆಯ ಪಿ.ಬಿ. ಧುತ್ತರಗಿಯವರದು. ಅಂದಮೇಲೆ ಎಮ್ಮೆ ನಮ್ಮ ಕೊಟ್ಟಿಗೆಯದೇ! ಇಲ್ಲಿ ಮಾತ್ರ ಹುಡುಗನಿಗೆ ಒಂದು ರಿಯಾಯಿತಿ. ಕೊನೆಗೆ ಒಂದೇ ಒಂದು ಸಲ ಎಮ್ಮೆಯ ಹಾಗೆ ಒದರಬಹುದು. ಮಂದಿ ಹೊಟ್ಟೆ ಹಿಡಿದು ನಗಲಿ. ಮುಂದೆ ಅಳಿಸಬೇಕಾದರೆ ಮೊದಲು ನಗಿಸಿರಬೇಕು.

ಮೂರನೆಯದು ಹಾವು. ಇಲ್ಲಿ ನಮ್ಮಿಬ್ಬರಿಗೂ ಜಗಳವೇ ಆಯಿತು. ಅವನಿಗೆ 1954ರ ‘ನಾಗಿನ್’ ಬೇಕು. ಹೇಮಂತಕುಮಾರ್ ಸಂಗೀತದ ಆ ಪುಂಗಿ ನಾದಕ್ಕೆ ಇವತ್ತಿಗೂ ವರಾತದಲ್ಲಿ ನೆಲಕ್ಕೆ ಬಿದ್ದು ಹೊರಳುವ ಮಿತ್ರರು ನಿಮ್ಮಲ್ಲೇ ಇದ್ದೀರಿ! ಆದರೆ ಅದು ಪುಂಗಿಯೇ ಅಲ್ಲ ಕಣ್ರೀ. ಕ್ಲಾವಿಯೋಲಿನ್ ಎಂಬ ವಿದ್ಯುತ್ ವಾದ್ಯದಲ್ಲಿ ಕಲ್ಯಾಣ್‌ಜಿ, ಹಾರ್ಮೋನಿಯಂನಲ್ಲಿ ರವಿ ಸೇರಿ ಮಾಡಿದ ಮಾಯೆ. ಅದರ ಬಳುಕು ಕ್ಲಾರಿಯೋನೆಟ್‌ಗೆ ಸೈ, ಟ್ಯೂಬಾಕ್ಕೆ ಭಾರ. ನಾನು ಹೇಳಿದ್ದು 1972ರ ‘ನಾಗರಹಾವು’. ಪುಟ್ಟಣ್ಣ ಕಣಗಾಲರ ಚಿತ್ರ, ವಿಜಯಭಾಸ್ಕರ್ ಸಂಗೀತ, ಎಸ್.ಪಿ.ಬಿ. ಕಂಠ, ವಿಷ್ಣುವಿನ ಕೆಂಡದ ಕಣ್ಣು! ರಾಮಾಚಾರಿಯ ಆ ರೋಷದ ಹಾಡು ತಗ್ಗಿನ ದನಿಯಲ್ಲಿ ಬುಸುಗುಟ್ಟಿದರೆ ಹೇಗಿರುತ್ತದೆ, ಊಹಿಸಿ. ಎರಡು ಹಾವು ಒಂದೇ ಬುಟ್ಟಿಯಲ್ಲಿ ಬೇಡ. ‘ನಾಗಿನ್’ ಅನ್ನು ಕಿಸೆಯಲ್ಲಿಟ್ಟುಕೊಳ್ಳಲಿ, ಮಂದಿ ‘ಒನ್ಸ್ ಮೋರ್’ ಅಂದಾಗ ಬಿಡಲಿ.

ನಾಲ್ಕನೆಯದು ‘ಜಾಸ್’ನ ಶಾರ್ಕು. ಅರ್ಧ ನಿಮಿಷ ಸಾಕು. ಸಮುದ್ರ ಕಾಣದ ನಮ್ಮ ಬಯಲುಸೀಮೆಗೆ ಅಷ್ಟು ಹೆದರಿಕೆ ಬೇಕಾದಷ್ಟಾಯಿತು. ಇದಾದ ಮೇಲೆ ಹುಡುಗ ವಾದ್ಯ ಕೆಳಗಿಟ್ಟು ಎರಡು ಮಾತಾಡಬೇಕು. ಟ್ಯೂಬಾ ಊದುವವನ ತುಟಿ ದಣಿಯುತ್ತದೆ, ನಡುವೆ ವಿಶ್ರಾಂತಿ ಕೊಡದಿದ್ದರೆ ಕೊನೆ ಹಾಡಿಗೆ ಸ್ವರವೇ ಏಳುವುದಿಲ್ಲ.

ಏನು ಮಾತಾಡಲಿ ಅಂದ. ‘ಟಬ್ಬಿ’ಯ ಕಥೆ ಹೇಳು ಅಂದೆ. ಅಮೆರಿಕದಲ್ಲಿ ಪಾಲ್ ಟ್ರಿಪ್ ಬರೆದು ಜಾರ್ಜ್ ಕ್ಲೈನ್‌ಸಿಂಗರ್ ಸಂಗೀತ ಕೊಟ್ಟ ಮಕ್ಕಳ ಕಥೆ ಅದು. 1947ರಲ್ಲಿ ಜಾರ್ಜ್ ಪಾಲ್ ಅದನ್ನು ಬೊಂಬೆ ಚಿತ್ರವಾಗಿಯೂ ತೆಗೆದರು. ಟಬ್ಬಿ ಅಂದರೆ ಒಂದು ಟ್ಯೂಬಾ. ಎಲ್ಲ ವಾದ್ಯಗಳಿಗೂ ರಾಗ ಇದೆ, ತನಗೆ ಬರೀ ಭೋಂ ಭೋಂ ಅಂತ ಅದಕ್ಕೆ ದುಃಖ. ಹೊಳೆ ದಂಡೆಯಲ್ಲಿ ಒಂಟಿಯಾಗಿ ಕೂತಾಗ ಒಂದು ಕಪ್ಪೆ ಬಂದು ಅದಕ್ಕೊಂದು ರಾಗ ಕಲಿಸುತ್ತದೆ! ಕೇಳಿ ಹುಡುಗ ಸುಮ್ಮನಾದ. “ಕಾಕಾ, ಇದು ನನ್ನs ಕಥಿ ಅಲ್ಲೇನ್ರಿ?” ಅಂದ. ಹೌದಪ್ಪಾ, ನಿನ್ನದೇ.

ಐದನೆಯದು ಆನೆ. 1962ರ ‘ಹಟಾರಿ’ಗೆ ಹೆನ್ರಿ ಮ್ಯಾನ್ಸಿನಿ ಮಾಡಿದ ಆನೆಮರಿಯ ನಡಿಗೆಯ ರಾಗ ಮುದ್ದಾಗಿದೆ. ಆದರೆ ನಮ್ಮವರ ಕರುಳು ತಟ್ಟುವುದು 1971ರ ‘ಹಾಥಿ ಮೇರೆ ಸಾಥಿ’. ಆನೆ ರಾಮು ಸತ್ತಾಗ ರಫಿ ಸಾಹೇಬರು ಹಾಡಿದ ಹಾಡು, ಲಕ್ಷ್ಮೀಕಾಂತ್ ಪ್ಯಾರೇಲಾಲ್ ಸಂಗೀತ. ರಾಜೇಶ್ ಖನ್ನಾ ಜೊತೆ ಥಿಯೇಟರಿಗೆ ಥಿಯೇಟರೇ ಅತ್ತಿತ್ತು. ನಮ್ಮ ಜಿಲ್ಲೆಗೆ ಆನೆಯ ಹಾಡು ಹೊಸದೂ ಅಲ್ಲ. 1580ರಿಂದ 1627ರವರೆಗೆ ಬಿಜಾಪುರ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹ ತನ್ನ ‘ಕಿತಾಬ್-ಎ-ನವರಸ್’ ಗೀತೆಗಳಲ್ಲಿ ಆತಶ್ ಖಾನ್ ಎಂಬ ಮೆಚ್ಚಿನ ಆನೆಯನ್ನೂ ಮೋತಿ ಖಾನ್ ಎಂಬ ತಂಬೂರಿಯನ್ನೂ ಹಾಡಿ ಹೊಗಳಿದ್ದಾನೆ. ಸುಲ್ತಾನನೇ ಹಾಡಿದ ಮೇಲೆ ಬ್ಯಾಂಡಿನ ಹುಡುಗ ಹಾಡಬಾರದೇ?

ಕೊನೆಯದು ಆಕಳು. ಪುಣ್ಯಕೋಟಿ! ಮೂರನೇ ಇಯತ್ತೆಯ ಹುಡುಗನಿಂದ ಹಿಡಿದು ಹಣ್ಣುಹಣ್ಣು ಮುದುಕನವರೆಗೆ ಎಲ್ಲರಿಗೂ ಗೊತ್ತಿರುವ ಗೋವಿನ ಹಾಡು. ಹುಲಿಯ ಮಾತಿಗೆ ಕೆಳಗಿನ ಸ್ವರ, ಆಕಳ ಮಾತಿಗೆ ಮೇಲಿನ ಸ್ವರ. ಒಂದೇ ವಾದ್ಯ, ಎರಡು ಪಾತ್ರ, ಡಬಲ್ ಆ್ಯಕ್ಟಿಂಗ್! ಆಕಳು ಕೊಟ್ಟ ಮಾತಿಗೆ ತಪ್ಪದೆ ತಿರುಗಿ ಬರುವ ಕಡೆ ದನಿ ಇಳಿಸಿ, ಉಸಿರಿನಷ್ಟು ಮೆಲ್ಲಗೆ ಊದಬೇಕು. ಆಮೇಲೆ ಹುಲಿಯ ಸರದಿ ಬರುತ್ತದೆ. ಅಲ್ಲಿ ಊದಲೇಬಾರದು. ಹುಲಿಯ ಸ್ವರ ಇರಬೇಕಾದ ಜಾಗ ಖಾಲಿ ಬಿಡಬೇಕು. ಹುಲಿ ಏನು ಮಾಡಿತು ಅಂತ ಮಂದಿಗೆ ಗೊತ್ತು. ಆ ಮೌನವನ್ನು ಯಾವ ಡಿ.ಜೆ. ಪೆಟ್ಟಿಗೆಯೂ ನುಡಿಸಲಾರದು.

ಊರಿಗೆ ತಕ್ಕಂತೆ ಸರದಿ ಬದಲಾಗಲಿ. ಸೊಲ್ಲಾಪುರದ ಗಾಳಿ ಬೀಸುವ ಇಂಡಿಯಲ್ಲಿ ಹಿಂದಿ ಆನೆ ಮೊದಲೇ ಬರಬಹುದು. ಮುದ್ದೇಬಿಹಾಳದಲ್ಲಿ ಎಮ್ಮೆ ಹಾಡಿಗೆ ಮೊದಲು ಧುತ್ತರಗಿಯವರ ಹೆಸರು ಹೇಳಲಿ. ಬಸವನ ಬಾಗೇವಾಡಿಯಲ್ಲಂತೂ ಎತ್ತಿನ ಬಡಿತಕ್ಕೆ ಎರಡು ನಿಮಿಷ ಹೆಚ್ಚು. ಊರ ಹೆಸರಲ್ಲೇ ಬಸವ ಇದ್ದಾನಲ್ಲ! ಆಕಳು ಮಾತ್ರ ಎಲ್ಲಾ ಕಡೆ ಕೊನೆಗೇ.

ಇನ್ನು ನಿಮಗೊಂದು ಕೆಲಸ, ಮಿತ್ರರೇ. ಕಾರಹುಣ್ಣಿಮೆಗೆ ಸಿಂದಗಿ ಕಡೆ ಹೋದರೆ ಮುಂದಿನ ಸಾಲಿನಲ್ಲಿ ಕೂಡಿ. ಎಮ್ಮೆಗೆ ಸೀಟಿ ಹೊಡೆಯಿರಿ, ಹಾವಿಗೆ ಚಿಲ್ಲರೆ ತೂರಿ, ಬೇಡ ಅನ್ನುವುದಿಲ್ಲ. ಆದರೆ ಪುಣ್ಯಕೋಟಿ ಮುಗಿದು ಹುಡುಗ ವಾದ್ಯದಿಂದ ಬಾಯಿ ತೆಗೆಯುತ್ತಾನಲ್ಲ, ಆಗ ಮನಸ್ಸಿನಲ್ಲೇ ಹತ್ತು ಎಣಿಸಿ. ಚಪ್ಪಾಳೆ ಆಮೇಲೆ.