ಅಪ್ಪನ ಹೊಲಕ್ಕಿಲ್ಲದ ದೆವ್ವ ಪರರ ಮನೆಗೆಲ್ಲಿಂದ ಬಂತು?



ಸಾವು ಸಂಭವಿಸಿದ ಮನೆಯನ್ನು ಕೊಂಡವನಿಗೆ ನಮ್ಮ ಸೀಮೆಯಲ್ಲಿ ಮೊದಲು ದೊರೆಯುವುದು ಹಾರೈಕೆಯಲ್ಲ, ಬೆದರಿಕೆ. "ಆ ಮನ್ಯಾಗ ಗಾಳಿ ಐತಿ, ಅಮಾಸಿ ರಾತ್ರಿ ಸಪ್ಪಳ ಆಗ್ತೈತಿ" ಎಂಬ ಮಾತು ಕಿವಿಗೆ ಬಿದ್ದೊಡನೆ, ಇಷ್ಟಲಿಂಗಧಾರಿಯಾದ ಗೃಹಸ್ಥನೂ ನಿಂಬೆಹಣ್ಣು, ಬೂದುಗುಂಬಳ, ತಾಮ್ರದ ಯಂತ್ರಗಳನ್ನು ಅರಸಿ ಹೊರಡುತ್ತಾನೆ. ಕೊಳಗಲ್ಲು, ಕುರುಗೋಡು, ಸಿರುಗುಪ್ಪಗಳ ಭಕ್ತರು ಈ ವಿಷಯದಲ್ಲಿ ಇತರರಿಗಿಂತ ಭಿನ್ನರಾಗಿಲ್ಲ. ಭಿನ್ನರಾಗಿರಬೇಕೆಂಬುದೇ ನಮ್ಮ ವಾದ.

ದೆವ್ವದ ಮನೆ ಹುಟ್ಟುವ ಬಗೆಯನ್ನು ಗಮನಿಸಿರಿ. ಧನಿಷ್ಠಾ ಪಂಚಕದಲ್ಲಿ ಸಾವಾಯಿತೆಂದು ಮನೆಯವರು ತಿಂಗಳುಗಟ್ಟಲೆ ಬೀಗ ಜಡಿದು ಹೋಗುತ್ತಾರೆ. ದೀಪವಿಲ್ಲದ ಮನೆಯಲ್ಲಿ ಬಾವಲಿ ಸೇರುತ್ತದೆ, ಗೆದ್ದಲು ತೊಲೆಯನ್ನು ತಿನ್ನುತ್ತದೆ, ಸಡಿಲವಾದ ಕದ ಗಾಳಿಗೆ ಬಡಿದುಕೊಳ್ಳುತ್ತದೆ. ಆ ಸಪ್ಪಳಕ್ಕೆ ಜನ ಒಂದು ಹೆಸರಿಡುತ್ತಾರೆ. ಹೀಗೆ ಬೀಗವೇ ದೆವ್ವವನ್ನು ಹೆರುತ್ತದೆ.

ಹನ್ನೆರಡನೆಯ ಶತಮಾನದ ಶರಣರ ಪಥವು ಪಂಚಸೂತಕಗಳನ್ನು ನಿರಾಕರಿಸಿತು: ಜನನ, ಜಾತಿ, ರಜಸ್ಸು, ಉಚ್ಛಿಷ್ಟ ಮತ್ತು ಪ್ರೇತ. ಪ್ರೇತಸೂತಕವೇ ಇಲ್ಲದವನಿಗೆ ಪ್ರೇತಭಯವೆಲ್ಲಿಯದು? ನಾವು ಮೃತರನ್ನು 'ಸತ್ತರು' ಎನ್ನುವುದಿಲ್ಲ, 'ಲಿಂಗೈಕ್ಯರಾದರು' ಎನ್ನುತ್ತೇವೆ. ಅವರ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ಕುಳ್ಳಿರಿಸಿ, ಸಮಾಧಿ ಮಾಡುತ್ತೇವೆ. ಬಳಿಕ ಅವರೇ ಅಟ್ಟದಲ್ಲಿ ಅಲೆಯುತ್ತಿದ್ದಾರೆಂದು ನಂಬಿದರೆ, ಲಿಂಗದಲ್ಲಿ ಐಕ್ಯವಾದುದು ಯಾವುದು? ಇವೆರಡೂ ಮಾತುಗಳು ಒಂದೇ ಬಾಯಲ್ಲಿ ನಿಲ್ಲಲಾರವು.

"ಮನಸ್ಸಿನ ಸಮಾಧಾನಕ್ಕೆ ಮಾಡಿಸಿದರೆ ತಪ್ಪೇನು?" ಎಂದು ಕೆಲವರು ಕೇಳುತ್ತಾರೆ. ಆ ಸಮಾಧಾನದ ಬೆಲೆ ತೆರುವವರು ಬೇರೆಯವರು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು, ಮನೆಗಂಟಿದ ಅಪವಾದದಿಂದ ಅದನ್ನು ಅರ್ಧ ಬೆಲೆಗೆ ಮಾರಬೇಕಾಗುತ್ತದೆ. ಕೊಂಡವನ ಸೊಸೆಗೆ ಜ್ವರ ಬಂದರೆ ವೈದ್ಯನಿಗಿಂತ ಮೊದಲು ಮಂತ್ರವಾದಿ ಬರುತ್ತಾನೆ. ೨೦೧೭ರಲ್ಲಿ ಅಂಗೀಕಾರಗೊಂಡು ೨೦೨೦ರಲ್ಲಿ ಜಾರಿಗೆ ಬಂದ ರಾಜ್ಯದ ಮೌಢ್ಯ ಪ್ರತಿಬಂಧಕ ಕಾಯ್ದೆಯು ದೆವ್ವ ಬಿಡಿಸುವ ನೆಪದ ಹಿಂಸೆಯನ್ನು ಅಪರಾಧವೆಂದು ಸಾರಿದೆ. ಬಸವಣ್ಣನವರನ್ನು ಗುರುವೆಂದ ಸಮಾಜಕ್ಕೆ ಕಾಯ್ದೆ ಬಂದು ಹೇಳಬೇಕಾಯಿತೆಂಬುದು ನಾಚಿಕೆಯ ಸಂಗತಿ. ಯಂತ್ರ ಬರೆದುಕೊಟ್ಟು ಕಾಣಿಕೆ ಪಡೆಯುವ ಕಾವಿಧಾರಿಗಳು ಈ ನಾಚಿಕೆಯಲ್ಲಿ ಮೊದಲ ಪಾಲುದಾರರು. ವಿಭೂತಿ ಅರಿವಿನ ಆವರಣವೇ ಹೊರತು ಹೊಸ್ತಿಲಿಗೆ ಚೆಲ್ಲುವ ಕಾವಲಿನ ಪುಡಿಯಲ್ಲ.

ಕೊಳಗಲ್ಲಿನ ಶಾಸನವು ಕ್ರಿ.ಶ. ೯೬೭ರಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮರಣವನ್ನೂ ಖೊಟ್ಟಿಗನ ಆಳ್ವಿಕೆಯನ್ನೂ ತಿಳಿಸುತ್ತದೆ. ಅಣ್ಣ ಬಿಟ್ಟುಹೋದ ಸಿಂಹಾಸನವನ್ನು ತಮ್ಮ ಏರಿದನು. ಲೋಕದ ನಡೆಯೇ ಹಾಗೆ. ನಾವು ಉಳುವ ಹೊಲ, ಸೇದುವ ಬಾವಿ, ತೊಡುವ ಒಡವೆ ಎಲ್ಲವೂ ಅಗಲಿದವರು ಬಿಟ್ಟುಹೋದವೇ. ಅಪ್ಪನ ಹೊಲದ ಪಾಲಿಗೆ ಕಚೇರಿಯ ಮೆಟ್ಟಿಲೇರುವವನು ಆ ಹೊಲದಲ್ಲಿ ದೆವ್ವವಿದೆಯೆಂದು ಬಿಟ್ಟುಕೊಟ್ಟದ್ದುಂಟೆ? ಲಾಭವಿದ್ದಲ್ಲಿ ಕಾಣದ ದೆವ್ವ, ಬೆಲೆ ಇಳಿಸಬೇಕಾದಲ್ಲಿ ಮಾತ್ರ ಕಾಣುತ್ತದೆ.

ಆದುದರಿಂದ ಹೊಸ ಮನೆಯ ಒಡೆಯನು ಮಾಡಬೇಕಾದುದು ಇಷ್ಟೆ: ಕಿಟಕಿ ತೆರೆಯಲಿ, ತೊಲೆ ಬದಲಿಸಲಿ, ಸುಣ್ಣ ಬಳಿಸಲಿ, ದೀಪ ಹಚ್ಚಲಿ. ಇಷ್ಟಲಿಂಗ ಪೂಜೆ ಮಾಡಿ ದಾಸೋಹ ನಡೆಸಲಿ. ಆ ಪಂಕ್ತಿಯಲ್ಲಿ ಮನೆ ಮಾರಿದ ಕುಟುಂಬವನ್ನು ಮೊದಲು ಕುಳ್ಳಿರಿಸಲಿ, ಅವರ ಹಿರಿಯರನ್ನು ಹೆಸರು ಹಿಡಿದು ನೆನೆಯಲಿ. ಬದುಕಿದವರಿಗೆ ನ್ಯಾಯವನ್ನೂ ಅಗಲಿದವರಿಗೆ ಗೌರವವನ್ನೂ ಕೊಟ್ಟ ಮನೆಯೇ ಮಹಾಮನೆ.