ಅರ್ಧ ಲೈಸೆನ್ಸ್ ಅಂತೆ!

ಮೊನ್ನೆ ಶನಿವಾರ ಗೆಳೆಯನ ಮನೇಲಿ ಊಟಕ್ಕೆ ಕೂತಿದ್ವಿ. "ವಿಮಾನ ಹಾರಿಸೋದು ಕಲೀತೀನಿ, ಸ್ಪೋರ್ಟ್ ಪೈಲಟ್ ಲೈಸೆನ್ಸ್ ತಗೋತೀನಿ" ಅಂದೆ. ತಕ್ಷಣ ಬಂತು ಉತ್ತರ: "ಥೂ, ಅದು ಅರ್ಧ ಲೈಸೆನ್ಸ್ ಕಣೋ! ಮಾಡಿದ್ರೆ ಪ್ರೈವೇಟೇ ಮಾಡು."

ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ? ಪಿಯುಸಿ ಮುಗಿದಾಗ "ಬಿಎಸ್ಸಿ ಯಾಕೆ, ಇಂಜಿನಿಯರಿಂಗೇ ಮಾಡು" ಅಂದವರದ್ದೂ ಇದೇ ದನಿ. ಯಾಕೆ ಅಂತ ಆಗ ನಾನೂ ಕೇಳಲಿಲ್ಲ. ಈಗ ಕೇಳ್ತೀನಿ.

ಇಲ್ಲಿ ಅಮೆರಿಕದಲ್ಲಿ ಪ್ರೈವೇಟ್‌ಗೆ ಸಾಮಾನ್ಯವಾಗಿ ಕನಿಷ್ಠ 40 ಗಂಟೆ ಹಾರಾಟ ಬೇಕು. 2004ರಲ್ಲಿ ಬಂದ ಸ್ಪೋರ್ಟ್‌ಗೆ 20 ಸಾಕು. ಸ್ಪೋರ್ಟ್‌ನಲ್ಲಿ ಜೊತೆಗೆ ಒಬ್ಬರನ್ನಷ್ಟೇ ಕೂರಿಸಿಕೊಳ್ಳಬಹುದು. ಇರಲಿ ಬಿಡಿ, ನಮ್ಮನೇಲಿ ಇರೋದೇ ಇಬ್ಬರು! "ಆಟಿಕೆ ವಿಮಾನ" ಅನ್ನೋ ಗೇಲಿಯೂ ಹಳಸಿತು: 2025ರ ಅಕ್ಟೋಬರ್‌ನಿಂದ ಸೆಸ್ನಾ 172ನಂಥ ನಾಲ್ಕು ಸೀಟಿನ ವಿಮಾನವನ್ನೂ ಸ್ಪೋರ್ಟ್ ಪೈಲಟ್ ಹಾರಿಸಬಹುದು. ಮುಂದೆ ಪ್ರೈವೇಟ್ ಬೇಕೆನಿಸಿದರೆ, ಹಾರಿದ ಗಂಟೆಗಳು ಲೆಕ್ಕಕ್ಕೆ ಬರುತ್ತವೆ.

ಅಸಲು ವಿಷಯ ಬೇರೆ. ಪ್ರೈವೇಟ್ ಮಾಡುವ ಹೊಸಬರು ಎಫ್‌ಎಎ ವೈದ್ಯಕೀಯ ಪರೀಕ್ಷೆ ಪಾಸಾಗಲೇಬೇಕು. ಸ್ಪೋರ್ಟ್‌ನವರಿಗೆ ಹಗಲು ಹಾರಲು ಕಾರಿನ ಡ್ರೈವಿಂಗ್ ಲೈಸೆನ್ಸ್ ಸಾಕು. ಆದರೆ ಪರೀಕ್ಷೆಗೆ ಅರ್ಜಿ ಹಾಕಿ, ಅದು ತಿರಸ್ಕೃತವಾಯಿತೋ, ಮತ್ತೆ ಪಾಸಾಗುವವರೆಗೆ ಆ ಸುಲಭದ ಬಾಗಿಲೂ ಬಂದ್!

ಕೆಲಸ ಹೋದ ವರ್ಷ ನಾನು ಖಿನ್ನತೆಗೆ ಮಾತ್ರೆ ತಗೊಂಡವನು. ನಿಲ್ಲಿಸಿ ಎರಡು ವರ್ಷ ದಾಟಿತು, ಹಾರಲು ಅಡ್ಡಿಯಿಲ್ಲ ಅಂತ ನನ್ನ ಡಾಕ್ಟರೂ ಹೇಳಿದ್ದಾರೆ. ಆದರೂ ಫಾರಂ ತುಂಬಿದರೆ ಏನಾಗುತ್ತೋ ಗೊತ್ತಿಲ್ಲ. ಅದಕ್ಕೆ ನಮ್ಮ ಗೆಳೆಯರ ಪರಿಹಾರ: "ಅದನ್ನ ಬರೀಬೇಡ, ಯಾರಿಗೆ ಗೊತ್ತಾಗುತ್ತೆ?"

ನೋಡಿ, 'ಪೂರ್ತಿ' ಲೈಸೆನ್ಸ್‌ನ ಹುಚ್ಚು ಎಲ್ಲಿಗೆ ತಂದು ನಿಲ್ಲಿಸುತ್ತೆ! ಸುಳ್ಳು ಬರೆದು ಸಿಕ್ಕ ಪೂರ್ತಿಗಿಂತ ನಿಜ ಹೇಳಿ ಸಿಕ್ಕ ಅರ್ಧ ಮೇಲು. ಹಾಗಂತ ಡ್ರೈವಿಂಗ್ ಲೈಸೆನ್ಸ್ ಅಂದರೆ ರೋಗ ಮುಚ್ಚಿಡುವ ಪರದೆಯಲ್ಲ. ಪ್ರತಿಸಲ ಹಾರುವ ಮುನ್ನ "ಇವತ್ತು ನಾನು ಸರಿಯಿದ್ದೀನಾ?" ಅಂತ ನನ್ನನ್ನೇ ಕೇಳಿಕೊಳ್ಳಬೇಕು, ಇಲ್ಲ ಅನ್ನಿಸಿದರೆ ನೆಲದಲ್ಲೇ ಇರಬೇಕು. ಅದು ಕಾನೂನೂ ಹೌದು.

ಹಾರಾಟವೇ ಹೊಟ್ಟೆಪಾಡು ಆಗಬೇಕು, ಮನೆಮಂದಿಯನ್ನೆಲ್ಲ ಕರೆದೊಯ್ಯಬೇಕು ಅನ್ನುವವರು ಧಾರಾಳವಾಗಿ ಪ್ರೈವೇಟ್ ಮಾಡಿ. ಊರಿಗೆ ಹೋಗಿ ಹಾರಿಸ್ತೀನಿ ಅನ್ನುವವರಿಗೂ ಸ್ಪೋರ್ಟ್ ಆಗಿಬರಲ್ಲ, ಅದು ಅಂತರರಾಷ್ಟ್ರೀಯ ಮಾನದಂಡಕ್ಕೆ ಒಪ್ಪುವ ಲೈಸೆನ್ಸ್ ಅಲ್ಲ. ನನಗೆ ಬೇಕಾದ್ದು ಇಷ್ಟೇ: ಭಾನುವಾರ ಬೆಳಗ್ಗೆ ಒಂದು ತಾಸು ಆಕಾಶ, ಪಕ್ಕದಲ್ಲಿ ಹೆಂಡತಿ. ಇದರಲ್ಲಿ ಅರ್ಧ ಯಾವುದು ಸ್ವಾಮಿ? :-)